ಟೆಂಟು ಹೊಡೆಯೋದು ಯಾರು? ನಮೀಬಿಯಾ, ಬೋಟ್ಸ್ವಾನಾ ಕ್ಯಾಂಪಿಂಗ್ ಸಫಾರಿ ಆರಿಸಿಕೊಳ್ಳುವವರಿಗೆ

ಗೆಳೆಯನೊಬ್ಬ ಹೋದ ವಾರ ಮೂರು ಬೆಲೆಪಟ್ಟಿ ಕಳಿಸಿದ. ಮೂರರಲ್ಲೂ ನಮೀಬಿಯಾದ ಅವೇ ಊರುಗಳು: ವಿಂಡ್‌ಹುಕ್, ಸೊಸುಸ್‌ವ್ಲೇ, ಸ್ವಾಕೋಪ್‌ಮುಂಡ್, ಎಟೋಶಾ. ಮೂರರ ಮೇಲೂ ‘ಕ್ಯಾಂಪಿಂಗ್ ಸಫಾರಿ’ ಅಂತಲೇ ಬರೆದಿದೆ. ಬೆಲೆ ಮಾತ್ರ ಒಂದರದು ಇನ್ನೊಂದರ ನಾಲ್ಕು ಪಟ್ಟು. “ಅದೇ ಮರಳು, ಅದೇ ಆನೆ. ಇಷ್ಟೊಂದು ವ್ಯತ್ಯಾಸ ಯಾಕೆ ಮಾರಾಯ?” ಅಂತ ಕೇಳಿದ.

ಈ ಪ್ರಶ್ನೆ ನನಗೆ ಹೊಸದಲ್ಲ. ಆ ಕಡೆ ನಾನು ಎರಡು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ಲಾರಿಯಲ್ಲಿ, ಗುರುತು ಪರಿಚಯ ಇಲ್ಲದ ಹದಿನೆಂಟು ಜನರ ಜೊತೆ. ಎರಡನೇ ಸಲ ಹೆಂಡತಿ ಮತ್ತು ಅತ್ತೆಯ ಜೊತೆ, ಎಲ್ಲ ಕೆಲಸವನ್ನೂ ಪ್ರವಾಸ ನಡೆಸುವವರೇ ಮಾಡಿಕೊಡುವ ಸಣ್ಣ ಗುಂಪಿನಲ್ಲಿ. ಜೀಪು ಬಾಡಿಗೆಗೆ ಹಿಡಿದು ತಾನೇ ಓಡಿಸಿಕೊಂಡು ಹೋದವನು ನನ್ನ ಚಿಕ್ಕಪ್ಪನ ಮಗ. ಅವನಿಂದ ಕೇಳಿದ್ದನ್ನೂ ಇಲ್ಲಿ ಸೇರಿಸಿದ್ದೇನೆ.

ಬೆಲೆಗಿಂತ ಮೊದಲು ನೋಡಬೇಕಾದದ್ದು

ಎಲ್ಲರೂ ದುಡ್ಡಿನಿಂದ ಶುರು ಮಾಡುತ್ತಾರೆ. ನಾನು ಕೇಳುವ ಮೊದಲ ಪ್ರಶ್ನೆ ಬೇರೆ. ಬೆಳಗಿನ ಜಾವ ಎದ್ದಾಗ ನೀವು ಎಲ್ಲಿರುತ್ತೀರಿ?

ಸೊಸುಸ್‌ವ್ಲೇಯನ್ನೇ ತಗೊಳ್ಳಿ. ನಮೀಬ್ ಮರುಭೂಮಿಯ ಕೆಂಪು ಮರಳುದಿಬ್ಬಗಳ ಫೋಟೋ ನೋಡಿರುತ್ತೀರಲ್ಲ, ಅದೇ ಜಾಗ. ಅಲ್ಲಿಗೆ ಸೆಸ್ರಿಯಂ ಎಂಬಲ್ಲಿ ಗೇಟು ದಾಟಿ ಹೋಗಬೇಕು. ಗೇಟಿನ ಒಳಗಿನ ಕ್ಯಾಂಪಿನಲ್ಲಿ ಮಲಗಿದವರನ್ನು ಸೂರ್ಯ ಹುಟ್ಟುವ ಒಂದು ಗಂಟೆ ಮೊದಲೇ ಬಿಡುತ್ತಾರೆ. ಹೊರಗೆ ಉಳಿದವರು ಸೂರ್ಯ ಹುಟ್ಟುವ ತನಕ ಕಾಯಬೇಕು. ಅಲ್ಲಿಂದ ಮುಂದೆ 60 ಕಿಲೋಮೀಟರ್ ಡಾಂಬರು ರಸ್ತೆ, ಆಮೇಲೆ ಐದು ಕಿಲೋಮೀಟರ್ ಬರೀ ಮರಳು. ‘ಡ್ಯೂನ್ 45’ ಅನ್ನುವ ದಿಬ್ಬ ಇರುವುದು 45ನೇ ಕಿಲೋಮೀಟರಿನಲ್ಲಿ, ಹೆಸರು ಬಂದದ್ದೂ ಅದರಿಂದಲೇ. ಒಳಗೆ ಮಲಗಿದವನು ಆ ದಿಬ್ಬದ ನೆತ್ತಿಯ ಮೇಲೆ ಕೂತು ಸೂರ್ಯೋದಯ ನೋಡುತ್ತಾನೆ. ಹೊರಗೆ ಮಲಗಿದವನು ಅದೇ ಸೂರ್ಯೋದಯವನ್ನು ಗೇಟಿನ ಹತ್ತಿರ, ಮುಂದೆ ನಿಂತ ಗಾಡಿಯ ಹಿಂಭಾಗ ನೋಡುತ್ತಾ ಕಳೆಯುತ್ತಾನೆ. ಬಿಸಿಲೇರಿದ ಮೇಲೆ ಮರಳು ಕಾಲು ಸುಡುತ್ತದೆ, ದಿಬ್ಬದ ನೆರಳೂ ಹೋಗಿರುತ್ತದೆ. ಬೆಲೆಪಟ್ಟಿಯಲ್ಲಿ ಮಾತ್ರ ಇಬ್ಬರಿಗೂ ‘ಸೊಸುಸ್‌ವ್ಲೇ, ಒಂದು ರಾತ್ರಿ’ ಅಂತಲೇ ಇರುತ್ತದೆ.

ಎಟೋಶಾ ರಾಷ್ಟ್ರೀಯ ಉದ್ಯಾನದಲ್ಲೂ ಇದೇ ಕತೆ. ಗೇಟು ತೆರೆಯುವುದು ಸೂರ್ಯೋದಯಕ್ಕೆ, ಮುಚ್ಚುವುದು ಸೂರ್ಯಾಸ್ತಕ್ಕೆ. ಆದರೆ ಒಳಗೆ ಒಕಾಕುವೆಯೊ, ಹಲಾಲಿ, ನಮುಟೋನಿ ಅಂತ ಕ್ಯಾಂಪುಗಳಿವೆ. ಅವುಗಳ ಬೇಲಿಗೆ ತಾಗಿಕೊಂಡೇ ನೀರಿನ ಹೊಂಡಗಳಿವೆ, ರಾತ್ರಿಯೆಲ್ಲ ಅವಕ್ಕೆ ದೀಪ ಬೆಳಗುತ್ತದೆ. ಒಕಾಕುವೆಯೊದಲ್ಲಿ ನಾನು ರಾತ್ರಿ ಹನ್ನೊಂದರ ತನಕ ಕಲ್ಲಿನ ಗೋಡೆಯ ಈಚೆ ಬೆಂಚಿನ ಮೇಲೆ ಕೂತಿದ್ದೆ. ಮೊದಲು ಜಿರಾಫೆ ಬಂತು. ಅದು ಕಾಲು ಅಗಲಿಸಿ ಬಗ್ಗಿ ನೀರು ಕುಡಿಯೋದಕ್ಕೆ ಹತ್ತು ನಿಮಿಷ ಅನುಮಾನ ಪಟ್ಟಿತು. ಆಮೇಲೆ ಕಪ್ಪು ಘೇಂಡಾಮೃಗ, ಮರಿಯ ಜೊತೆ. ಬೆಂಚಿನ ಮೇಲೆ ನಲವತ್ತು ಜನ ಇದ್ದರೂ ಒಬ್ಬರೂ ಉಸಿರೆತ್ತಲಿಲ್ಲ. ಖರ್ಚು ಉಳಿಸಲು ಕೆಲವು ಪ್ರವಾಸಗಳು ಉದ್ಯಾನದ ಹೊರಗೆ ಟೆಂಟು ಹೊಡೆಯುತ್ತವೆ. ಅವರಿಗೆ ಈ ರಾತ್ರಿ ಸಿಗುವುದಿಲ್ಲ. ನನ್ನನ್ನು ಕೇಳಿದರೆ ಎಟೋಶಾದ ಅರ್ಧ ಬೆಲೆ ಆ ಬೆಂಚಿನದು.

ಎರಡನೆಯದು, ಗಾಡಿಯಲ್ಲಿ ಕೂರುವ ಗಂಟೆಗಳು. ನಮೀಬಿಯಾದ ವಿಸ್ತೀರ್ಣ ಸುಮಾರು 8.25 ಲಕ್ಷ ಚದರ ಕಿಲೋಮೀಟರ್. ಅಂದರೆ ನಾಲ್ಕು ಕರ್ನಾಟಕಕ್ಕಿಂತ ಜಾಸ್ತಿ. ಜನಸಂಖ್ಯೆ ಸುಮಾರು 30 ಲಕ್ಷ ಅಷ್ಟೇ. ಊರಿಂದ ಊರಿಗೆ ಅರ್ಧ ದಿನ ಹಿಡಿಯುತ್ತದೆ, ಬಹಳಷ್ಟು ಜಲ್ಲಿ ರಸ್ತೆ. ವಿಂಡ್‌ಹುಕ್‌ನಿಂದ ಸೆಸ್ರಿಯಂಗೆ ಐದು ಗಂಟೆ. ಅಲ್ಲಿಂದ ಸ್ವಾಕೋಪ್‌ಮುಂಡ್‌ಗೆ ಮತ್ತೆ ಅಷ್ಟೇ ಅಥವಾ ಸ್ವಲ್ಪ ಜಾಸ್ತಿ. ಕಾರ್ಯಕ್ರಮದ ಪಟ್ಟಿಯಲ್ಲಿ ಒಂದೇ ಜಾಗದಲ್ಲಿ ಎರಡು ರಾತ್ರಿ ಮಲಗುವ ದಿನಗಳು ಎಷ್ಟಿವೆ ಅಂತ ಎಣಿಸಿ. ಏಳು ರಾತ್ರಿಗೆ ಏಳು ಊರು ಅಂತಿದ್ದರೆ ನೀವು ನೋಡೋದು ಕಿಟಕಿಯನ್ನು.

ಮೂರನೆಯದು ಕೆಲಸ. ಟೆಂಟು ಹೊಡೆಯೋದು, ಬಿಚ್ಚೋದು, ತರಕಾರಿ ಹೆಚ್ಚೋದು, ತಟ್ಟೆ ತೊಳೆಯೋದು ಯಾರು? ನಾಲ್ಕನೆಯದು ಮೈ. ಸೊಂಟ, ಮಂಡಿ, ಚಳಿ ತಡೆಯುವ ಶಕ್ತಿ, ರಾತ್ರಿ ಎಷ್ಟು ಸಲ ಏಳಬೇಕಾಗುತ್ತದೆ ಅನ್ನುವುದು. ಇದನ್ನು ಯಾರೂ ಬಾಯಿಬಿಟ್ಟು ಕೇಳೋದಿಲ್ಲ, ಆದರೆ ಪ್ರವಾಸ ಕೆಡುವುದು ಇಲ್ಲೇ. ಐದನೆಯದು ಊಟ. ಬೆಲೆ ಬರೋದು ಇವೆಲ್ಲ ಆದ ಮೇಲೆ.

ಲಾರಿ ಪ್ರವಾಸ

ಇದನ್ನು ಅಲ್ಲಿ ಓವರ್‌ಲ್ಯಾಂಡ್ ಟ್ರಕ್ ಅಂತಾರೆ. ಲಾರಿಯ ಚಾಸಿಸ್ ಮೇಲೆ ಬಸ್ಸಿನ ಮೈ ಕೂರಿಸಿರುತ್ತಾರೆ. ಹಿಂದೆ ಲಾಕರು, ಪಕ್ಕದಲ್ಲಿ ಬಾಗಿಲು ತೆಗೆದರೆ ಇಡೀ ಅಡುಗೆಮನೆ. ಒಬ್ಬ ಗೈಡು, ಒಬ್ಬ ಡ್ರೈವರು, ಕೆಲವು ಕಡೆ ಒಬ್ಬ ಅಡುಗೆಯವನು. ಹನ್ನೆರಡರಿಂದ ಇಪ್ಪತ್ನಾಲ್ಕು ಜನ. ಟೆಂಟು ನೀವೇ ಹೊಡೆಯಬೇಕು. ಪಾತ್ರೆ ತೊಳೆಯಲು ಸರದಿ ಇರುತ್ತದೆ.

ಇರುವುದರಲ್ಲಿ ಅಗ್ಗ ಇದೇ. ನಾನು ನೋಡಿದ ಬೆಲೆಪಟ್ಟಿಗಳಲ್ಲಿ ದಿನಕ್ಕೆ ತಲೆಗೆ ಸುಮಾರು 100ರಿಂದ 150 ಡಾಲರ್. ವಿಮಾನದ ಟಿಕೆಟ್ ಬೇರೆ. ಒಬ್ಬರೇ ಹೋಗುವವರಿಗೆ ಇದರಷ್ಟು ಒಳ್ಳೆಯದು ಮತ್ತೊಂದಿಲ್ಲ. ಟೆಂಟು ಹಂಚಿಕೊಳ್ಳಲು ಒಪ್ಪಿದರೆ ಒಂಟಿಯಾಗಿ ಬಂದಿದ್ದಕ್ಕೆ ಹಾಕುವ ಹೆಚ್ಚಿನ ದುಡ್ಡೂ ಉಳಿಯುತ್ತದೆ. ಸೀಟು ಎತ್ತರ ಇರುವುದರಿಂದ ಎಟೋಶಾದ ಪೊದೆಗಳ ಆಚೆ ಮಲಗಿದ ಸಿಂಹ ಕಾರಿನವರಿಗಿಂತ ನಿಮಗೇ ಮೊದಲು ಕಾಣುತ್ತದೆ.

ಆದರೆ ಲಾರಿ ಎಲ್ಲರ ಗಡಿಯಾರದ ಮೇಲೆ ಓಡುತ್ತದೆ. ನಿಮಗೆ ಆ ಹೊಂಡದ ಹತ್ತಿರ ಇನ್ನೂ ಅರ್ಧ ಗಂಟೆ ಕೂರುವ ಆಸೆ, ಹಿಂದಿನ ಸೀಟಿನವರಿಗೆ ಶೌಚಾಲಯಕ್ಕೆ ಹೋಗುವ ಅವಸರ. ಗೆಲ್ಲೋದು ಅವರೇ. ಮರಳಿನ ಕೊನೆಯ ಐದು ಕಿಲೋಮೀಟರ್ ಲಾರಿ ಹೋಗೋದಿಲ್ಲ, ಅಲ್ಲಿ ಬೇರೆ ಫೋರ್ ವೀಲ್ ಗಾಡಿ ಹತ್ತಬೇಕು. ಅದರ ದುಡ್ಡು ಸೇರಿದೆಯೋ ಇಲ್ಲವೋ ಕೇಳಿ. ‘ಡೆಡ್‌ವ್ಲೇ’ ಇರುವುದು ಆ ಐದು ಕಿಲೋಮೀಟರಿನ ಆಚೆ. ಬಿಳಿ ಮಣ್ಣಿನ ಬತ್ತಿದ ಕೆರೆಯಲ್ಲಿ ಕೆಲವು ಶತಮಾನಗಳ ಹಿಂದೆ ಸತ್ತ ಮರಗಳು ಇನ್ನೂ ಹಾಗೇ ನಿಂತಿವೆ. ಕೊಳೆಯಲು ಬೇಕಾದಷ್ಟು ತೇವವೂ ಅಲ್ಲಿಲ್ಲ. ಅದನ್ನು ನೋಡದೆ ಬಂದರೆ ಅಷ್ಟು ದೂರ ಹೋಗಿದ್ದೇ ದಂಡ.

ನನ್ನ ಟೆಂಟಿನ ಜಿಪ್ಪು ಮೂರನೇ ದಿನವೇ ಕಿತ್ತುಹೋಯಿತು. ಬದಲಿ ಟೆಂಟು ಇರಲಿಲ್ಲ. ಉಳಿದ ದಿನ ಬಾಗಿಲಿಗೆ ಪಿನ್ನು ಹಾಕಿಕೊಂಡು ಮಲಗಿದೆ. ಎಟೋಶಾದ ಕ್ಯಾಂಪಿನಲ್ಲಿ ನರಿಯೊಂದು ಆ ಸಂದಿಗೆ ಮೂತಿ ತೂರಿಸಿ ನನ್ನ ಮುಖ ನೋಡಿ ಹೋಯಿತು. ಈಗ ಹೇಳೋಕೆ ಚೆನ್ನಾಗಿದೆ. ಅಷ್ಟೊತ್ತಲ್ಲಿ ಚೆನ್ನಾಗಿರಲಿಲ್ಲ.

ಇಪ್ಪತ್ತರಿಂದ ನಲವತ್ತರ ಒಳಗಿನವರು, ಹೊಸ ಜನರ ಜೊತೆ ಬೆರೆಯುವವರು ಕಣ್ಣುಮುಚ್ಚಿ ಇದನ್ನು ತಗೊಳ್ಳಬಹುದು. ಬಹಳಷ್ಟು ಲಾರಿ ಪ್ರವಾಸಗಳಲ್ಲಿ ಚಿಕ್ಕ ಮಕ್ಕಳನ್ನು ಸೇರಿಸಿಕೊಳ್ಳೋದಿಲ್ಲ, ವಯಸ್ಸಾದವರಿಗೂ ಮಿತಿ ಇರುತ್ತದೆ. ಮುಂಗಡ ಕಟ್ಟುವ ಮೊದಲು ಅದನ್ನು ನೋಡಿ.

ಎಲ್ಲ ಮಾಡಿಕೊಡುವ ಸಣ್ಣ ಗುಂಪು

ಬೋಟ್ಸ್ವಾನಾದಲ್ಲಿ ಇದರ ಹೆಸರು ಮೊಬೈಲ್ ಸಫಾರಿ. ನೀವು ಆರೆಂಟು ಜನ, ಒಂದು ತೆರೆದ ಲ್ಯಾಂಡ್ ಕ್ರೂಸರ್, ಒಬ್ಬ ಲೈಸೆನ್ಸ್ ಇರುವ ಗೈಡು. ಕೆಲಸದವರ ತಂಡ ಸಾಮಾನು ಹೊತ್ತ ಲಾರಿಯಲ್ಲಿ ಮುಂದೆ ಹೋಗಿರುತ್ತದೆ. ನೀವು ಪ್ರಾಣಿ ನೋಡುತ್ತಾ ಸಂಜೆ ತಲುಪುವ ಹೊತ್ತಿಗೆ ಟೆಂಟು ನಿಂತಿರುತ್ತದೆ. ಒಳಗೆ ಮಂಚ, ಹಾಸಿಗೆ. ಟೆಂಟಿನ ಹಿಂದೆ ಮರೆ ಕಟ್ಟಿ ಗುಂಡಿ ತೋಡಿದ ಕಕ್ಕಸು. ಮರದ ಕೊಂಬೆಗೆ ಬಕೆಟ್ಟು ತೂಗುಹಾಕಿ, ಅದರ ತಳಕ್ಕೆ ಶವರ್ ಸಿಕ್ಕಿಸಿ, ಸೌದೆ ಒಲೆಯಲ್ಲಿ ಕಾಯಿಸಿದ ನೀರು ತುಂಬಿಸುತ್ತಾರೆ. ನಮ್ಮ ಅತ್ತೆ ಅದರ ಕೆಳಗೆ ನಿಂತು, “ನಮ್ಮೂರ ಹಂಡೆ ನೀರಿನ ವಾಸನೆ ಬರ್ತಿದೆ” ಅಂದರು.

ಬೆಲೆ ದಿನಕ್ಕೆ ತಲೆಗೆ 400 ಡಾಲರಿನಿಂದ ಮೇಲೆ. ಸೀಸನ್ನಿನಲ್ಲಿ ಇನ್ನೂ ಜಾಸ್ತಿ. ಇಷ್ಟು ದುಡ್ಡು ಯಾತಕ್ಕೆ? ಮಂಚಕ್ಕೆ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲಿ ಹೋದ ಮೇಲೆ ಗೊತ್ತಾಯಿತು, ಕೊಂಡುಕೊಂಡಿದ್ದು ಹೊತ್ತನ್ನು. ಮೊರೆಮಿ, ಸವೂಟಿ, ಚೋಬೆಯಂಥ ಕಡೆ ಕಾಡಿನ ಒಳಗೇ ಈ ಪ್ರವಾಸಗಳಿಗೆಂದೇ ಮೀಸಲಿಟ್ಟ ಜಾಗಗಳಿವೆ. ಪಕ್ಕದಲ್ಲಿ ಬೇರೆ ಯಾರ ಟೆಂಟೂ ಇರುವುದಿಲ್ಲ. ಬೆಳಗ್ಗೆ ಟೆಂಟು ಮಡಚುವ ಗೋಜಿಲ್ಲ, ಬೆಳಕು ಮೂಡುತ್ತಲೇ ಹೊರಡುತ್ತೀರಿ. ಮರದ ಮೇಲಿದ್ದ ಒಂದು ಚಿರತೆಯ ಕೆಳಗೆ ಒಂದೂವರೆ ಗಂಟೆ ನಿಂತೆವು. ಯಾರೂ ಗಡಿಯಾರ ನೋಡಲಿಲ್ಲ. ಲಾರಿಯಲ್ಲಿ ಇದು ಆಗದ ಮಾತು.

ಒಂದು ವಿಷಯ ಗೊತ್ತಿರಲಿ. ಬೋಟ್ಸ್ವಾನಾದ ಈ ಕ್ಯಾಂಪುಗಳಿಗೆ ಬೇಲಿ ಇಲ್ಲ. ಎಟೋಶಾದಲ್ಲಿ ನೀವು ಬೇಲಿಯ ಒಳಗೆ, ಪ್ರಾಣಿ ಹೊರಗೆ. ಇಲ್ಲಿ ಇಬ್ಬರೂ ಒಂದೇ ಅಂಗಳದಲ್ಲಿ. ಸವೂಟಿಯ ಸಾರ್ವಜನಿಕ ಕ್ಯಾಂಪಿನ ಬಚ್ಚಲುಮನೆಗೆ ಕೋಟೆಯಂಥ ಗೋಡೆ ಕಟ್ಟಿದ್ದಾರೆ, ಆನೆಗಳು ನೀರಿಗಾಗಿ ಪೈಪು ಕೀಳದಿರಲಿ ಅಂತ. ರಾತ್ರಿ ಟೆಂಟಿನ ಹೊರಗೆ ಬೂಟು ಬಿಟ್ಟರೆ ಕತ್ತೆಕಿರುಬ ಹೊತ್ತೊಯ್ಯುತ್ತದೆ. ಹಣ್ಣನ್ನು ಟೆಂಟಿನೊಳಗೆ ಇಡಬಾರದು, ಆನೆಗೆ ವಾಸನೆ ತಿಳಿಯುತ್ತದೆ. ಜಿಪ್ಪು ಎಳೆದುಕೊಂಡು ಒಳಗೇ ಇದ್ದರೆ ಹೆದರುವಂಥದ್ದಿಲ್ಲ ಅಂತ ಗೈಡು ಹೇಳುತ್ತಾರೆ. ಅದು ನಿಜ. ಆದರೂ ಆನೆ ಹೊಟ್ಟೆಯ ಗುಡುಗುಡು ಸದ್ದು ಬಟ್ಟೆಯ ಆಚೆಯಿಂದ ಕೇಳುವಾಗ ಆ ಮಾತು ನೆನಪಿಗೆ ಬರೋದಿಲ್ಲ. ಬಂಡೀಪುರ, ಕಬಿನಿಯಲ್ಲಿ ಜೀಪಿನಲ್ಲಿ ಸುತ್ತಿ ಕತ್ತಲಾಗುವ ಮೊದಲು ರೂಮಿಗೆ ಮರಳುವುದು ರೂಢಿಯಾದ ನಮಗೆ ಮೊದಲ ರಾತ್ರಿ ನಿದ್ದೆ ಕಡಿಮೆ.

ಅರವತ್ತು ದಾಟಿದವರಿಗೆ, ಸೊಂಟ ನೋವಿನವರಿಗೆ ನನ್ನ ಓಟು ಇದಕ್ಕೇ. ಹತ್ತು ದಿನ ಲಾರಿಯಲ್ಲಿ ಹೋಗುವ ದುಡ್ಡಿನಲ್ಲಿ ನಾಲ್ಕು ದಿನ ಕೂಡ ಇಲ್ಲಿ ಸಿಗದು, ನಿಜ. ಆದರೆ ಮೂರು ನಾಲ್ಕು ರಾತ್ರಿಯೇ ಸಾಕು ಅನ್ನಿಸುವಷ್ಟು ಆ ದಿನಗಳು ತುಂಬಿರುತ್ತವೆ.

ನೀವೇ ಓಡಿಸಿಕೊಂಡು ಹೋಗೋದು

‘ಗೈಡು ಜೊತೆಗಿರುವ ಪ್ರವಾಸ’ ಅಂತ ಹುಡುಕುವವರು ಕೊನೆಗೆ ಇದರ ಕಡೆಗೂ ಒಮ್ಮೆ ಕಣ್ಣು ಹಾಯಿಸುತ್ತಾರೆ. ಎರಡು ಸಾಲು ಸೀಟಿನ ಟೊಯೊಟಾ ಹೈಲಕ್ಸ್ ಪಿಕಪ್, ನೆತ್ತಿಯ ಮೇಲೆ ಮಡಚಿಟ್ಟ ಟೆಂಟು, ಹಿಂದೆ ಫ್ರಿಜ್ಜು, ಗ್ಯಾಸು, ಪಾತ್ರೆ. ಸಂಜೆ ಏಣಿ ಹತ್ತಿ ಮಲಗೋದು. ನಮ್ಮಂತೆಯೇ ಅಲ್ಲೂ ರಸ್ತೆಯ ಎಡಗಡೆ ಓಡಿಸುತ್ತಾರೆ. ಆರ್‌ಟಿಓದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡರೆ ಒಂದು ವರ್ಷ ನಡೆಯುತ್ತದೆ.

ನಾಲ್ಕು ಜನ ಸೇರಿದರೆ ಲಾರಿಗಿಂತ ಅಗ್ಗ ಬೀಳಬಹುದು. ಇಬ್ಬರೇ ಆದರೆ ಹೆಚ್ಚುಕಡಿಮೆ ಅಷ್ಟೇ. ಬೇಕಾದಲ್ಲಿ ನಿಲ್ಲಬಹುದು, ಬೇಕಾದಷ್ಟು ಹೊತ್ತು ಕಾಯಬಹುದು. ಸಾಲಿಟೇರ್ ಅನ್ನುವ ಪೆಟ್ರೋಲ್ ಬಂಕಿನಂಥ ಊರಿನಲ್ಲಿ ಆಪಲ್ ಪೈ ತಿಂದು ಮರದ ಕೆಳಗೆ ಒಂದು ನಿದ್ದೆ ತೆಗೆಯಬಹುದು.

ಅಪಾಯ ಪ್ರಾಣಿಗಳಿಂದ ಕಡಿಮೆ, ಜಲ್ಲಿ ರಸ್ತೆಯಿಂದ ಜಾಸ್ತಿ. ರಸ್ತೆ ನೇರ, ಖಾಲಿ, ಕಾಲು ತಾನಾಗಿ ಕೆಳಗಿಳಿಯುತ್ತದೆ. ಒಂದು ತಿರುವಿನಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿದರೆ ಗಾಡಿ ಮಗುಚುತ್ತದೆ. ಗಂಟೆಗೆ 80 ಕಿಲೋಮೀಟರ್ ದಾಟಬಾರದು, ಟೈರಿನ ಗಾಳಿ ಸ್ವಲ್ಪ ಇಳಿಸಬೇಕು, ಕತ್ತಲಾದ ಮೇಲೆ ಓಡಿಸಲೇಬಾರದು. ಕುಡು, ಓರಿಕ್ಸ್ ಎಂಬ ದೊಡ್ಡ ಜಿಂಕೆಯಂಥ ಪ್ರಾಣಿಗಳು ಅಡ್ಡ ಬರುತ್ತವೆ. ರಾತ್ರಿ ಆದ ಅಪಘಾತಕ್ಕೆ ಎಷ್ಟೋ ಬಾಡಿಗೆ ಕರಾರುಗಳಲ್ಲಿ ವಿಮೆಯೂ ಸಿಗೋದಿಲ್ಲ. ಟೈರು, ಗಾಜು, ಬೇರೆ ಗಾಡಿ ತಾಗದೆ ಮಗುಚಿದ್ದು ವಿಮೆಯೊಳಗೆ ಬರುತ್ತದಾ ಅಂತ ಸಣ್ಣಕ್ಷರ ಓದಿ. ನನ್ನ ತಮ್ಮ ಹನ್ನೊಂದು ದಿನದಲ್ಲಿ ಮೂರು ಟೈರು ಬದಲಾಯಿಸಿದ. “ಎರಡು ಸ್ಟೆಪ್ನಿ ಕೊಟ್ಟಾಗ ನಗಾಡಿದ್ದೆ” ಅಂತಾನೆ.

ಇನ್ನೊಂದು ಸಂಗತಿ: ಗೈಡು ಇಲ್ಲದಿದ್ದರೆ ಕಾಣೋದು ಅರ್ಧ. ಪೊದೆಯಲ್ಲಿ ಚಿರತೆಯ ಬಾಲ ಗುರುತಿಸುವ ಕಣ್ಣು ದುಡ್ಡು ಕೊಟ್ಟರೇ ಬರೋದು. ಎಟೋಶಾದಲ್ಲಿ ಪರವಾಗಿಲ್ಲ. ಒಣಗಾಲದಲ್ಲಿ ಹೊಂಡದ ಪಕ್ಕ ಸುಮ್ನೆ ಕೂತರೆ ಪ್ರಾಣಿಗಳೇ ಬರುತ್ತವೆ. ಮೊರೆಮಿಯಲ್ಲಿ ಹಾಗಲ್ಲ. ಅಲ್ಲಿನ ಆಳವಾದ ಮರಳಿನ ದಾರಿಗೆ ಮೊದಲ ಸಲ ಹೋಗುವವರು ಒಂಟಿ ಗಾಡಿಯಲ್ಲಿ ಇಳಿಯದಿರುವುದೇ ವಾಸಿ.

ಲಾಡ್ಜುಗಳ ಬಗ್ಗೆ ಹೆಚ್ಚು ಹೇಳೋದಿಲ್ಲ. ಬೋಟ್ಸ್ವಾನಾದ ಒಕವಾಂಗೊ ಹೊಳೆ ಹರಡಿಕೊಳ್ಳುವ ಜೌಗಿನ ಒಳಗಿನ, ಸಣ್ಣ ವಿಮಾನದಲ್ಲೇ ಹೋಗಬೇಕಾದ ಕ್ಯಾಂಪುಗಳಲ್ಲಿ ಸೀಸನ್ನಿನಲ್ಲಿ ಒಂದು ರಾತ್ರಿಗೆ ತಲೆಗೆ 1,000 ಡಾಲರ್ ಸಲೀಸಾಗಿ ದಾಟುತ್ತದೆ. ಅಷ್ಟು ಕೊಡಬಲ್ಲವರು ಈ ಲೇಖನ ಓದುತ್ತಿರಲಿಕ್ಕಿಲ್ಲ.

ಮರುಭೂಮಿಯೋ, ನೀರೋ?

ಬಗೆ ತೀರ್ಮಾನವಾದ ಮೇಲೆ ದೇಶ. ನಮೀಬಿಯಾದಲ್ಲಿ ಪ್ರಾಣಿಗಿಂತ ನೆಲ ದೊಡ್ಡದು. ಮರಳು, ಬಂಡೆ, ಮಂಜು ಕವಿದ ಕಡಲತೀರ, ಟ್ವೈಫಲ್‌ಫೊಂಟೈನ್‌ನಲ್ಲಿ ಸಾವಿರಾರು ವರ್ಷ ಹಳೆಯ ಬಂಡೆ ಕೆತ್ತನೆ. ರಾತ್ರಿ ಆಕಾಶ ಬೇರೆ. ಹುಣ್ಣಿಮೆ ತಪ್ಪಿಸಿ ಹೋಗಿ. ಮಧ್ಯಪ್ರದೇಶದ ಕುನೋಗೆ 2022ರ ಸೆಪ್ಟೆಂಬರಿನಲ್ಲಿ ಬಂದ ಮೊದಲ ಎಂಟು ಚೀತಾಗಳು ಈ ದೇಶದವೇ. ಆದರೆ ಅಲ್ಲಿನ ಚೀತಾಗಳಲ್ಲಿ ಬಹುಪಾಲು ಇರುವುದು ಉದ್ಯಾನದ ಹೊರಗೆ, ದನ ಸಾಕುವವರ ಜಮೀನುಗಳಲ್ಲಿ. ಎಟೋಶಾಕ್ಕೆ ಹೋದರೆ ಕಂಡೇ ಕಾಣುತ್ತದೆ ಅಂತ ನಂಬಬೇಡಿ.

ಬೋಟ್ಸ್ವಾನಾದಲ್ಲಿ ಪ್ರಾಣಿಗಳದೇ ರಾಜ್ಯ. ಆನೆಗಳೇ ಸುಮಾರು 1.3 ಲಕ್ಷ. ಒಕವಾಂಗೊ ಸಮುದ್ರ ಸೇರದ ಹೊಳೆ. ಅಂಗೋಲಾದ ಬೆಟ್ಟಗಳಲ್ಲಿ ಸುರಿದ ಮಳೆ ತಿಂಗಳುಗಟ್ಟಲೆ ಹರಿದು ಬಂದು ಕಲಹಾರಿಯ ಮರಳಿನಲ್ಲಿ ಹರಡಿಕೊಳ್ಳುತ್ತದೆ. ಹಾಗಾಗಿ ಅಲ್ಲಿ ಒಂದು ಹನಿ ಮಳೆಯಿಲ್ಲದ ಜೂನ್‌ನಿಂದ ಆಗಸ್ಟ್‌ವರೆಗೆ ನೀರು ತುಂಬಿರುತ್ತದೆ. ‘ಮೊಕೊರೊ’ ಎಂಬ ದೋಣಿಯಲ್ಲಿ ಹೋಗಬೇಕಾದದ್ದು ಆಗಲೇ. ಆ ದೇಶದ ನಾಣ್ಯದ ಹೆಸರು ಪುಲಾ, ಅಂದರೆ ಮಳೆ. ಮಳೆ ಅಷ್ಟು ದುಬಾರಿ ಅಲ್ಲಿ. ಪ್ರವಾಸವೂ ದುಬಾರಿ: ಕಡಿಮೆ ಜನ ಬರಲಿ, ಜಾಸ್ತಿ ಕೊಡಲಿ ಅನ್ನುವುದು ಸರ್ಕಾರದ ನೀತಿಯೇ.

ಒಂದು ಸಣ್ಣ ಆದರೆ ಮುಖ್ಯವಾದ ವ್ಯತ್ಯಾಸ. ರಾಷ್ಟ್ರೀಯ ಉದ್ಯಾನಗಳಲ್ಲಿ ರಸ್ತೆ ಬಿಟ್ಟು ಇಳಿಯುವಂತಿಲ್ಲ, ಕತ್ತಲಾದ ಮೇಲೆ ತಿರುಗುವಂತಿಲ್ಲ. ಮೊರೆಮಿಯ ಪಕ್ಕದ ಖ್ವಾಯ್‌ನಲ್ಲಿ ಊರಿನವರೇ ನಡೆಸುವ ಕಾಡಿದೆ. ಅಲ್ಲಿ ರಾತ್ರಿ ಸಫಾರಿಗೂ ಕಾಲ್ನಡಿಗೆಗೂ ಅವಕಾಶವಿದೆ. ಕಾರ್ಯಕ್ರಮದಲ್ಲಿ ಖ್ವಾಯ್ ಇದ್ದರೆ ಅದಕ್ಕೊಂದು ಅಂಕ ಜಾಸ್ತಿ ಕೊಡಿ.

ಯಾವ ತಿಂಗಳು, ಯಾವ ಊಟ

ನಮ್ಮ ಮಕ್ಕಳ ಬೇಸಿಗೆ ರಜೆಯಲ್ಲಿ, ಏಪ್ರಿಲ್‌ನಲ್ಲಿ, ಅಲ್ಲಿ ಮಳೆಗಾಲ ಮುಗಿಯುತ್ತಿರುತ್ತದೆ. ಹಸಿರು ಜಾಸ್ತಿ, ಎಲ್ಲ ಕಡೆ ನೀರು, ಪ್ರಾಣಿಗಳು ಚದುರಿರುತ್ತವೆ. ಮೇ ಚೆನ್ನಾಗಿದೆ, ಬೆಲೆಯೂ ಇನ್ನೂ ಏರಿರುವುದಿಲ್ಲ. ದಸರಾ ರಜೆ ಅಂದರೆ ಅಕ್ಟೋಬರ್ ಹೊತ್ತು. ಪ್ರಾಣಿ ನೋಡಲು ಅದೇ ಒಳ್ಳೆಯ ಕಾಲ, ಆದರೆ ಸೆಕೆ 40 ಡಿಗ್ರಿ ಮುಟ್ಟುತ್ತದೆ. ಟೆಂಟಿನಲ್ಲಿ ಮಧ್ಯಾಹ್ನ ಮಲಗುವ ಆಸೆ ಬಿಡಿ. ಜೂನ್, ಜುಲೈಯಲ್ಲಿ ಹಗಲು ಹಿತ, ಮರುಭೂಮಿಯ ರಾತ್ರಿ ಮಾತ್ರ ಸೊನ್ನೆಯ ಹತ್ತಿರ ಇಳಿಯುತ್ತದೆ. ಮಡಿಕೇರಿ ಚಳಿಗೆ ತಗೊಂಡ ಸ್ವೆಟರು ಸಾಲದು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಬರೆದು ತಿಳಿಸಬೇಕು. ಮಾಂಸ ಬೇಡ ಅಂದರೆ ಕೋಳಿ ಕೊಡುವವರಿದ್ದಾರೆ. ಸಂಜೆ ಕೆಂಡದ ಮೇಲೆ ಮಾಂಸ ಸುಡುವುದೇ ಅಲ್ಲಿನ ಹಬ್ಬ. ಸಣ್ಣ ಗುಂಪಿನಲ್ಲಿ ಅಡುಗೆಯವರು ನಿಮಗೆ ಬೇರೆ ಮಾಡಿಕೊಡುತ್ತಾರೆ, ಲಾರಿಯಲ್ಲಿ ಪಾಸ್ತಾ ಮತ್ತೆ ಮತ್ತೆ ಬರುತ್ತದೆ. ಮೆಕ್ಕೆಜೋಳದ ಹಿಟ್ಟಿನ ‘ಪಾಪ್’ ನಮ್ಮ ಮುದ್ದೆಯ ನೆಂಟ. ಒಂದು ಡಬ್ಬಿ ಚಟ್ನಿಪುಡಿ ಇದ್ದರೆ ಬದುಕಿದಿರಿ. ಸ್ವಂತ ಗಾಡಿಯಲ್ಲಿ ಹೋಗುವ ಮಾಂಸಾಹಾರಿಗಳು ನೆನಪಿಡಿ, ನಮೀಬಿಯಾದ ಉತ್ತರದಿಂದ ದಕ್ಷಿಣಕ್ಕೆ ಹಸಿ ಮಾಂಸ ತರುವಂತಿಲ್ಲ. ದನಗಳ ಕಾಲುಬಾಯಿ ರೋಗ ತಡೆಯಲು ಹಾಕಿದ ಬೇಲಿಯ ಗೇಟಿನಲ್ಲಿ ಹುಡುಕಿ ಕಿತ್ತುಕೊಳ್ಳುತ್ತಾರೆ.

ಎಟೋಶಾ, ಒಕವಾಂಗೊ, ಚೋಬೆ ಕಡೆ ಮಲೇರಿಯಾ ಇದೆ. ಹೊರಡುವ ಮೊದಲು ಡಾಕ್ಟರ ಹತ್ತಿರ ಮಾತ್ರೆ ಬರೆಸಿಕೊಳ್ಳಿ. ಅಡಿಸ್ ಅಬಾಬಾ ಅಥವಾ ನೈರೋಬಿ ಮೂಲಕ ಹೋಗಿಬರುವವರು ಹಳದಿ ಜ್ವರದ ಲಸಿಕೆಯ ನಿಯಮವನ್ನು ಟಿಕೆಟ್ ತೆಗೆಯುವ ಮುಂಚೆಯೇ ನೋಡಿ. ಲಸಿಕೆ ಹಾಕಿಸಿದ ಹತ್ತು ದಿನದ ಮೇಲಷ್ಟೇ ಆ ಪ್ರಮಾಣಪತ್ರ ಚಾಲ್ತಿಗೆ ಬರುತ್ತದೆ.

ನನ್ನ ಗೆಳೆಯನಿಗೆ ಕೊನೆಗೆ ಹೇಳಿದ್ದು ಇಷ್ಟು. ಅವನಿಗೆ ಹತ್ತು ದಿನ ರಜೆ, ಜೊತೆಗೆ ಹೆಂಡತಿ ಮತ್ತು ಹದಿಮೂರರ ಮಗಳು. ಎಟೋಶಾ, ಸೊಸುಸ್‌ವ್ಲೇಗೆ ಸಣ್ಣ ಲಾರಿ ಗುಂಪು ಹಿಡಿ, ಒಕವಾಂಗೊ ಇನ್ನೊಂದು ಸಲಕ್ಕೆ ಇಟ್ಟುಕೋ. ದುಡ್ಡು ಕಟ್ಟುವ ಮೊದಲು ಮೇಲ್‌ನಲ್ಲಿ ಈ ಐದು ಕೇಳು: ಸೆಸ್ರಿಯಂನಲ್ಲಿ ಟೆಂಟು ಗೇಟಿನ ಒಳಗೋ ಹೊರಗೋ, ಎಟೋಶಾದ ಎಷ್ಟು ರಾತ್ರಿ ಉದ್ಯಾನದ ಒಳಗೆ, ಗುಂಪಿನಲ್ಲಿ ಹೆಚ್ಚೆಂದರೆ ಎಷ್ಟು ಜನ, ಡೆಡ್‌ವ್ಲೇಗೆ ಹೋಗುವ ಗಾಡಿಯ ದುಡ್ಡು ಸೇರಿದೆಯಾ, ಸ್ಲೀಪಿಂಗ್ ಬ್ಯಾಗು ಅವರು ಕೊಡುತ್ತಾರಾ. ಅವನು ಆರನೆಯದನ್ನು ತಾನೇ ಸೇರಿಸಿಕೊಂಡ: ಬದಲಿ ಟೆಂಟು ಇದೆಯಾ?